ಬಡಿಸಿದವರ ಎಲೆ

"ಅಕ್ಕ, ಮಾಮನಿಗೆ ತಿನ್ನಲಿಕ್ಕೆ ಎಂತ ಇಷ್ಟ ಇತ್ತು? ನಿಮಗೆ ಗೊತ್ತುಂಟಾ?"

ಬೆಳಿಗ್ಗೆ ಎಂಟು ಗಂಟೆಗೆ ಶಕ್ತಿನಗರದಿಂದ ಫೋನ್ ಮಾಡಿ ಹೀಗೆ ಕೇಳಿದವನು, ಹೋಟೆಲಿನಲ್ಲಿ ನಮಗೆ ಬಡಿಸುತ್ತಿದ್ದ ಅಣ್ಣನ ಸೋದರಳಿಯ. ಅವರು ನಿದ್ದೆಯಲ್ಲೇ ತೀರಿಕೊಂಡು ಐದು ದಿನವಾಗಿತ್ತು. ನಮ್ಮ ತುಳುವರಲ್ಲಿ ಸತ್ತವರಿಗೆ ಬಡಿಸುವ ಕ್ರಮವೊಂದುಂಟು. ಉತ್ತರಕ್ರಿಯೆಯ ದಿನ, ಆಮೇಲೆ ವರ್ಷವರ್ಷವೂ ಮಳೆಗಾಲದ ಆಟಿ ತಿಂಗಳಲ್ಲಿ, ಬಾಳೆ ಎಲೆ ಹಾಕಿ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಸ್ವಲ್ಪ ಹೊತ್ತು ಯಾರೂ ಒಳಗೆ ಇಣುಕುವಂತಿಲ್ಲ. ಇಷ್ಟದ್ದು ಎಲೆಯಲ್ಲಿ ಇಲ್ಲದಿದ್ದರೆ ಸತ್ತವರು ಹಸಿದುಕೊಂಡೇ ಹೋಗುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನೀವು ಅದನ್ನು ನಂಬುತ್ತೀರಾ ಎಂದು ಯಾರಾದರೂ ಕೇಳಿದರೆ ನಾನು ಮಾತು ತಪ್ಪಿಸುತ್ತೇನೆ. ಆದರೆ ಬಡಿಸದೆ ಇರುವ ಧೈರ್ಯ ನನಗೂ ಇಲ್ಲ.

"ಮನೆಯಲ್ಲಿ ಎಂತ ಕೊಟ್ಟರೂ ತಿಂತಿದ್ದರು ಅಕ್ಕ. ಚಂದ ಉಂಟು ಅಂತಿದ್ದರು, ಅಷ್ಟೇ. ನನ್ನ ಹೆಂಡತಿಗೂ ಗೊತ್ತಿಲ್ಲ. ನೀವು ಹೋಟೆಲಿಗೆ ಹೋಗ್ತಿದ್ದವರಲ್ವಾ, ಅದಕ್ಕೆ ಕೇಳಿದ್ದು."

ಹೋಗುತ್ತಿದ್ದವಳೇ. ಹತ್ತೊಂಬತ್ತು ವರ್ಷ ಹೋಗಿದ್ದೇನೆ. ನೆನಪು ಮಾಡಿ ಹೇಳ್ತೇನೆ ಎಂದು ಫೋನ್ ಇಟ್ಟೆ. ಊರಿನ ಎಷ್ಟೋ ಸತ್ತವರಿಗೆ ಏನು ಬಡಿಸಬೇಕೆಂದು ಹೇಳಿಕೊಟ್ಟ ಮನುಷ್ಯ ಅವರು. ಅವರ ಎಲೆಗೆ ಏನು ಬಡಿಸಬೇಕೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಾಚಿಕೆಯಿಂದ ನನಗೆ ಆವತ್ತು ಬೆಳಗಿನ ಚಹಾ ಕೂಡ ಸೇರಲಿಲ್ಲ.

ಅವರು ಹಂಪನಕಟ್ಟೆಯ ಒಂದು ಹಳೆಯ ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ ಅದೇ ಹೋಟೆಲು, ಅದೇ ಎಂಟು ಟೇಬಲು. ಹೆಸರು ಹಿಡಿದು ಕರೆಯುತ್ತಿದ್ದವರು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಧಣಿ ಒಬ್ಬರೇ. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ನಮ್ಮ ಅಪ್ಪನಿಗೂ ಅವರು ಅಣ್ಣ, ನನಗೂ ಅಣ್ಣ. ತೆಳ್ಳಗಿನ ಎತ್ತರದ ಆಳು. ಎಡ ಹೆಗಲಲ್ಲಿ ಒಂದು ಬಟ್ಟೆ. ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಆ ಪೆನ್ಸಿಲಿನಿಂದ ಅವರು ಏನನ್ನಾದರೂ ಬರೆದದ್ದನ್ನು ನಾನು ನೋಡಿಯೇ ಇಲ್ಲ. ಆರು ಜನ ಆರು ಬಗೆ ಹೇಳಿದರೂ ಒಂದು ಚಟ್ನಿ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ನಿತ್ಯದ ಗಿರಾಕಿಗಳ ಹತ್ತಿರ ಅವರು ಏನು ಬೇಕು ಎಂದು ಕೇಳುತ್ತಲೇ ಇರಲಿಲ್ಲ. ಟೇಬಲಿನ ಮೇಲೆ ಅಂಗೈ ಊರಿ, ಸ್ವಲ್ಪ ಬಾಗಿ, "ಅದೇ ಅಲ್ವಾ?" ಎನ್ನುತ್ತಿದ್ದರು. ನನ್ನದು ನೀರ್ದೋಸೆ, ಕಾಯಿಬೆಲ್ಲ. ವಿಮಾ ಕಚೇರಿಯ ಕೆಲಸದಿಂದ ಸಾಕಾಗಿ ಬಂದ ಒಂದು ದಿನ ಹಠಕ್ಕೆ ಬಿದ್ದು ಮಸಾಲೆದೋಸೆ ಹೇಳಿದೆ. ಬಂದದ್ದು ನೀರ್ದೋಸೆ.

"ಅಣ್ಣ, ನಾನು ಮಸಾಲೆದೋಸೆ ಹೇಳಿದ್ದು."

"ಕೇಳಿಸಿದೆ. ಮೊನ್ನೆ ತಿಂದು ಎರಡು ದಿನ ಎದೆ ಉರಿ ಅಂತ ಕೂತವರು ಯಾರು, ನಾನಾ?"

"ದುಡ್ಡು ಕೊಡುವುದು ನಾನು ಮಾರಾಯ್ರೆ!"

"ಕೊಡಿ, ಯಾರು ಬೇಡ ಹೇಳಿದ್ದು? ತಣಿಯುವ ಮೊದಲು ತಿನ್ನಿ."

ಇಂಥವರನ್ನು ಈಗಿನ ಹೋಟೆಲಿನಲ್ಲಿ ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಾರೆ.

ಅವರ ನಿಜವಾದ ವಿದ್ಯೆ ನಮಗೆ ಗೊತ್ತಾದದ್ದು ಅಪ್ಪ ತೀರಿಕೊಂಡ ವರ್ಷ. ಅಪ್ಪ ಹತ್ತಿರದ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಸಂಜೆ ಆ ಹೋಟೆಲಿನಲ್ಲಿ ಚಹಾ ಕುಡಿದು ಮನೆಗೆ ಬರುತ್ತಿದ್ದರು. ಚಹಾ ಮಾತ್ರ ಎಂದು ನಾವು ತಿಳಿದಿದ್ದೆವು. ಮೊದಲ ಆಟಿಗೆ ಅಮ್ಮ ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ನಿಂತು ಕೋಳಿ ಸುಕ್ಕ, ರೊಟ್ಟಿ, ಬಂಗುಡೆ ಪುಳಿಮುಂಚಿ ಎಲ್ಲ ಮಾಡಿ ಮುಗಿಸಿದ್ದಳು. ಎಲೆ ಹಾಕುವ ಹೊತ್ತಿಗೆ ಅಣ್ಣ ಅಂಗಳಕ್ಕೆ ಬಂದರು. ಕೈಯಲ್ಲಿ ಬಾಳೆಎಲೆಯ ಒಂದು ಕಟ್ಟು. ಅದರೊಳಗೆ ಸಜ್ಜಿಗೆ ಬಜಿಲ್. ಸಜ್ಜಿಗೆ ಎಂದರೆ ಉಪ್ಪಿಟ್ಟು, ಬಜಿಲ್ ಎಂದರೆ ಕಾಯಿ, ಬೆಲ್ಲ, ಖಾರದ ಪುಡಿ ಹಾಕಿ ಕಲಸಿದ ಅವಲಕ್ಕಿ. ಎರಡನ್ನೂ ಒಟ್ಟಿಗೆ ತಿನ್ನುವುದು ನಮ್ಮ ಕಡೆಯ ರೂಢಿ.

"ಧಣಿಗಳ ಎಲೆಗೆ ಇಡಿ ಅಕ್ಕ" ಎಂದರು. ಅಪ್ಪನಂಥ ಗಿರಾಕಿಗಳೆಲ್ಲ ಅವರಿಗೆ ಧಣಿಗಳೇ.

ಅಮ್ಮ ನಕ್ಕುಬಿಟ್ಟಳು. "ಅವರಿಗೆ ಬಜಿಲ್ ಸೇರುದೇ ಇಲ್ಲ ಮಾರಾಯ್ರೆ. ಮದುವೆಯಾದ ಮೇಲೆ ಈ ಮನೆಯಲ್ಲಿ ನಾನು ಒಂದು ಸಲ ಮಾಡಿದ್ದು, ಮತ್ತೆ ಮಾಡಲಿಲ್ಲ."

ಅಣ್ಣ ತಲೆ ತಗ್ಗಿಸಿದರು. "ದಿನಾ ಐದೂವರೆಗೆ ತಿಂತಿದ್ದರು ಅಕ್ಕ. ಬೆಲ್ಲ ಸ್ವಲ್ಪ ಮುಂದೆ ಇರಬೇಕು. ಇಪ್ಪತ್ತೆರಡು ವರ್ಷ ನಾನೇ ಕೊಟ್ಟದ್ದು."

ಅಮ್ಮನ ಮುಖ ಬಿಳಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಅವಳೇ ಬಾಯಿಬಿಟ್ಟಳು. ಮದುವೆಯಾದ ಹೊಸತರಲ್ಲಿ ಅವಳು ಮಾಡಿದ ಬಜಿಲಿಗೆ ಬೆಲ್ಲ ಕಡಿಮೆಯಾಗಿತ್ತಂತೆ. ಅಜ್ಜಿ, ನನ್ನ ಮಗ ತಿನ್ನುವ ಬಜಿಲು ಇದಲ್ಲ ಎಂದು ಬಟ್ಟಲು ದೂಡಿದಳಂತೆ. ಅತ್ತೆ ಸೊಸೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅಪ್ಪ ಇಬ್ಬರನ್ನೂ ಎದುರು ಕೂರಿಸಿ, ನನಗೆ ಬಜಿಲ್ ಎಂದರೇ ಆಗುವುದಿಲ್ಲ, ಇಷ್ಟು ದಿನ ಅಮ್ಮನ ಒತ್ತಾಯಕ್ಕೆ ತಿನ್ನುತ್ತಿದ್ದೆ ಎಂದು ಜಗಳ ಮುಗಿಸಿದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಅಪ್ಪ ಸುಳ್ಳು ಬಲ್ಲವರು. ಆ ಒಂದು ಸುಳ್ಳನ್ನು ಸಾಯುವವರೆಗೆ ಮನೆಯಲ್ಲಿ ಕಾಪಾಡಿ, ಸಂಜೆ ಐದೂವರೆಗೆ ಹಂಪನಕಟ್ಟೆಯಲ್ಲಿ ಮುರಿಯುತ್ತಿದ್ದರು.

"ನನ್ನ ಹತ್ತಿರ ಹೇಳಲಿಕ್ಕೆ ಅವರಿಗೆ ಎಂತ ಆಗಿತ್ತು?" ಎಂದು ಅಮ್ಮ ಅಳುತ್ತಾ ಕೇಳಿದಳು. ಕೇಳಿದ್ದು ಅಣ್ಣನನ್ನು, ಸಿಟ್ಟು ಮಾತ್ರ ಅಪ್ಪನ ಮೇಲೆ.

"ಮನೆಯಲ್ಲಿ ಹೇಳಲಿಕ್ಕೆ ಆಗದ್ದಕ್ಕೇ ಹೋಟೆಲ್ ಇರುದು ಅಕ್ಕ" ಎಂದರು ಅವರು. "ಸಿಟ್ಟು ಮಾಡಬೇಡಿ. ಒಂದು ದಿನ ಕೂಡ ನಿಮ್ಮ ಕೈಯಡಿಗೆಯನ್ನು ದೂರಿದವರಲ್ಲ ಅವರು."

ಅಮ್ಮ ಆ ಕಟ್ಟನ್ನು ಬಿಚ್ಚಿ ಎಲೆಯ ನಡುವೆ ಬಡಿಸಿದಳು. ಮುಂದಿನ ವರ್ಷದಿಂದ ತಾನೇ ಮಾಡಲು ಕಲಿತಳು. ಮಾಡಿದ್ದನ್ನು ಸಣ್ಣ ಡಬ್ಬದಲ್ಲಿ ಹಾಕಿ ನನ್ನ ಕೈಯಲ್ಲಿ ಹೋಟೆಲಿಗೆ ಕಳಿಸುತ್ತಿದ್ದಳು. ತಿಂದು ನೋಡಿ ಎಂದರೆ ಅಣ್ಣ ತಿನ್ನುತ್ತಿರಲಿಲ್ಲ. ಡ್ಯೂಟಿಯಲ್ಲಿ ಬಾಯಾಡಿಸುವ ಕ್ರಮ ಇಲ್ಲ ಎನ್ನುತ್ತಿದ್ದರು. ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಒತ್ತಿ ನೋಡಿ, "ಬೆಲ್ಲ ಇನ್ನೂ ಬರಬೇಕು" ಎಂದು ಡಬ್ಬ ಮುಚ್ಚಿ ಕೊಡುತ್ತಿದ್ದರು. ಮೂರನೆಯ ವರ್ಷ, "ಆಯ್ತು, ಇದು ಅವರದ್ದೇ" ಎಂದರು. ಅಮ್ಮ ಆವತ್ತು ಎಷ್ಟು ಹಗುರಾದಳೆಂದರೆ, ಅಪ್ಪ ಹೋದ ಮೇಲೆ ಮೊದಲ ಬಾರಿಗೆ ಹೊಸ ಸೀರೆ ಉಟ್ಟಳು. ಈಗ ಅಮ್ಮನೂ ಇಲ್ಲ. ಆಟಿಗೆ ಅಪ್ಪನ ಬಜಿಲ್ ಕಲಸುವವಳು ನಾನು.

ಸುದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಯಿತು. ಮನೆಯಲ್ಲಿ ಸಾವಾದರೆ ಜನ ಹೋಟೆಲಿನ ಹಿಂಬಾಗಿಲಿಗೆ ಬಂದು ಅವರನ್ನು ಕೇಳುವುದು ರೂಢಿಯಾಯಿತು. ನಮ್ಮ ಅಪ್ಪ ಇಲ್ಲಿ ಎಂತ ತಿಂತಿದ್ದರು ಅಣ್ಣ? ಅವರು ಮನೆಯವರಿಗಲ್ಲದೆ ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಬದುಕಿರುವವರ ವಿಷಯವಂತೂ ಇಲ್ಲವೇ ಇಲ್ಲ. ಅಮ್ಮನ ಗೆಳತಿಯೊಬ್ಬಳು ಗಂಡ ಹೋದ ಮೇಲೆ ಹೋಗಿ ವಿಚಾರಿಸಿದಳು. ಪತ್ರೊಡೆ ಎಂದು ಗೊತ್ತಾಯಿತು. ಗೊತ್ತಾದ ಮೇಲೆ ಸುಮ್ಮನಿರಬಹುದಿತ್ತು. ಜೊತೆಯಲ್ಲಿ ಯಾರು ಕೂತಿರುತ್ತಿದ್ದರು ಎಂದೂ ಕೇಳಿದಳು. "ಟೇಬಲಿನ ಮೇಲೆ ಇದ್ದದ್ದು ಮಾತ್ರ ನಾನು ನೋಡುದು ಅಮ್ಮ. ಸುತ್ತ ಇದ್ದದ್ದು ನನಗೆ ಕಾಣುದಿಲ್ಲ" ಎಂದರಂತೆ. ಅವಳೇ ಬಂದು ಅಮ್ಮನ ಹತ್ತಿರ ಇದನ್ನು ಹೇಳಿ, ನಕ್ಕು, ಆಮೇಲೆ ಅತ್ತಳು.

ನಮ್ಮ ಕ್ರಮ ಇಲ್ಲದವರೂ ಬರುತ್ತಿದ್ದರು. ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ, ನಾವು ಬಾಯಿ ಎಂದು ಕರೆಯುತ್ತಿದ್ದ ಕೊಂಕಣಿ ಕ್ರಿಶ್ಚಿಯನ್ ಟೀಚರ್ ಒಬ್ಬರು ಶನಿವಾರ ಶನಿವಾರ ಆ ಹೋಟೆಲಿಗೆ ಬರುತ್ತಿದ್ದರು. ಅವರು ತೀರಿಕೊಂಡಾಗ ಕುವೈತಿನಿಂದ ಬಂದ ಮಗ, ಇಗರ್ಜಿಯ ಪೂಜೆ ಮುಗಿಸಿ, ನನ್ನನ್ನು ಕರೆದುಕೊಂಡು ಅಣ್ಣನಲ್ಲಿಗೆ ಹೋದ. "ಎರಡು ಬನ್ಸ್. ಒಂದು ಇಲ್ಲಿ ತಿಂತಿದ್ದರು. ಇನ್ನೊಂದನ್ನು ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕ್ತಿದ್ದರು" ಎಂದರು ಅಣ್ಣ. ಮಗನಿಗೆ ಅಷ್ಟೇ ಸಾಕಾಯಿತು. ಆ ಎರಡನೆಯ ಬನ್ಸನ್ನು ಹತ್ತು ವರ್ಷ ತಿಂದವನು ಅವನೇ. ಮನೆಯಲ್ಲೇ ಮಾಡಿದ್ದೆಂದು ಮಮ್ಮಿ ಹೇಳುತ್ತಿದ್ದಳು ಎಂದು ಅಲ್ಲೇ ಕಟ್ಟೆಯ ಮೇಲೆ ಕೂತು ಬಿಕ್ಕಿದ. ಅಣ್ಣ ಒಳಗೆ ಹೋಗಿ ಎರಡು ಬನ್ಸ್ ತಂದು ಅವನ ಮುಂದೆ ಇಟ್ಟು, ಎಂಟನೆಯ ಟೇಬಲಿಗೆ ನೀರು ಕೊಡಲು ಹೋದರು.

ಕಟ್ಟಡವನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರೆಂದು ಹೋಟೆಲು ಮುಚ್ಚಿತು. ಅಣ್ಣ ಮದುವೆಯಾದವರಲ್ಲ. ತಂಗಿಯ ಮಗನ ಮನೆಗೆ, ಶಕ್ತಿನಗರಕ್ಕೆ ಹೋದರು. ನಾನು ನಿವೃತ್ತಳಾದೆ, ಮೊಮ್ಮಗು ಬಂತು, ಮಂಡಿನೋವು ಬಂತು. ನೋಡಲು ಹೋಗಬೇಕು ಎಂದುಕೊಂಡದ್ದೇ ಬಂತು.

ಒಮ್ಮೆ ಮಾತ್ರ ಸಿಕ್ಕಿದರು. ಕಳೆದ ವರ್ಷ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದರು, ನಾನೇ ಬಲವಂತ ಮಾಡಿ ಹತ್ತಿರದ ಹವಾನಿಯಂತ್ರಿತ ಕೆಫೆಯೊಂದಕ್ಕೆ ಕರೆದುಕೊಂಡು ಹೋದೆ. ಕುರ್ಚಿಯ ತುದಿಯಲ್ಲಿ ಕೂತರು. ಸಪ್ಲಾಯರ್ ಬಂದಾಗ ಎದ್ದು ದಾರಿ ಬಿಟ್ಟರು. ನಾನು ಕೈ ಹಿಡಿದು ಕೂರಿಸಿ, "ಇವತ್ತು ನೀವು ಹೇಳಿ ಅಣ್ಣ, ನಿಮಗೆ ಎಂತ ಬೇಕು?" ಎಂದೆ. ಅವರು ಮೆನು ಕಾರ್ಡನ್ನು ದೂರ ಹಿಡಿದು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಮುಖದಲ್ಲಿ ಸಣ್ಣ ನಗು ಬಂತು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಮಗಳು, ಏನೋ ಗ್ಯಾಸ್ ಸಿಲಿಂಡರಿನ ತಕರಾರು. ಮಾತು ಮುಗಿಸಿ ತಿರುಗುವಾಗ ಅವರು ಕಾರ್ಡನ್ನು ಮುಚ್ಚಿ ಟೇಬಲಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟಿದ್ದರು. ಸಪ್ಲಾಯರ್ ಕಾಯುತ್ತಿದ್ದ. "ಎರಡು ಕಾಫಿ" ಎಂದೆ ನಾನು.

ಎರಡು ಕಾಫಿ! ಆ ಬೆರಳು ಎಲ್ಲಿ ನಿಂತಿತ್ತು ಎಂದು ಒಂದು ಸಲ ಕೇಳಿದ್ದರೆ ಏನು ಕಳೆದುಕೊಳ್ಳುತ್ತಿದ್ದೆ ನಾನು? ಅಣ್ಣನ ಅಳಿಯನ ಫೋನ್ ಬಂದ ದಿನದಿಂದ ಇದೊಂದೇ ಪ್ರಶ್ನೆ ನನ್ನನ್ನು ತಿನ್ನುತ್ತಿದೆ.

ಆವತ್ತೇ ಬಸ್ಸು ಹತ್ತಿ ತೊಕ್ಕೊಟ್ಟಿಗೆ ಹೋದೆ. ಆ ಹೋಟೆಲಿನ ಅಡಿಗೆ ಭಟ್ಟರು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಚೊಕ್ಕ. ಅಣ್ಣನಿಗೆ ಇಷ್ಟದ ತಿಂಡಿ ಯಾವುದು ಎಂದು ಎರಡು ಸಲ ಕೂಗಿ ಕೇಳಿದೆ.

"ಅವನಿಗಾ?" ಎಂದರು ಭಟ್ಟರು. "ನಾವು ತಿನ್ನುದು ಮೂರು ಗಂಟೆಗೆ ಮಾರಾಯ್ರೆ, ಉಳಿದದ್ದು. ಒಂದು ದಿನ ಇಡ್ಲಿ ಉಳಿದರೆ ಇಡ್ಲಿ, ಅನ್ನ ಉಳಿದರೆ ಅನ್ನ. ಅವನು ಗೋಡೆಗೆ ಮುಖ ಹಾಕಿ ನಿಂತುಕೊಂಡೇ ತಿಂತಿದ್ದ. ನನ್ನ ಕೈಯಡಿಗೆ ಊರೆಲ್ಲ ತಿಂದಿದೆ. ಅವನ ಹತ್ತಿರ, ಇವತ್ತು ನಿನಗೆ ಎಂತ ಮಾಡಲಿ ಅಂತ ನಾನೂ ಕೇಳಲಿಲ್ಲ." ಅವರ ಕಣ್ಣು ತುಂಬಿತು. ಮಗಳು ಒಳಗಿನಿಂದ ಬಂದು, ಅಪ್ಪನಿಗೆ ಬಿಪಿ ಉಂಟು, ಹೆಚ್ಚು ಮಾತಾಡಿಸಬೇಡಿ ಎಂದಳು.

ಸೇತುವೆ ದಾಟಿ ವಾಪಸು ಬರುವಾಗ ಅಳಿಯನ ಫೋನ್ ಮತ್ತೆ ಬಂತು. ಗೊತ್ತಿಲ್ಲ ಎನ್ನಬೇಕಿತ್ತು. ಹತ್ತೊಂಬತ್ತು ವರ್ಷ ಆ ಮನುಷ್ಯನ ಕೈಯಿಂದ ತಿಂದವಳಿಗೆ ಹಾಗೆನ್ನಲು ಬಾಯಿ ಬರಲಿಲ್ಲ. "ಸಜ್ಜಿಗೆ ಬಜಿಲ್" ಎಂದೆ. "ಬೆಲ್ಲ ಸ್ವಲ್ಪ ಮುಂದೆ." ನಾನೇ ಮಾಡಿ ತರುತ್ತೇನೆ ಎಂದೂ ಸೇರಿಸಿದೆ. ಅಪ್ಪನ ಸುಳ್ಳು ಒಂದು ಮನೆಯನ್ನು ಉಳಿಸಿತ್ತು. ನನ್ನದು ನನ್ನ ಮಾನವನ್ನು ಮಾತ್ರ ಉಳಿಸಿತು.

ಉತ್ತರಕ್ರಿಯೆಯ ದಿನ ಡಬ್ಬ ಹಿಡಿದುಕೊಂಡು ಶಕ್ತಿನಗರದ ಮನೆಗೆ ಹೋದರೆ ಜಗಲಿಯಲ್ಲಿ ಇನ್ನೂ ಕೆಲವರು ಡಬ್ಬ ಹಿಡಿದುಕೊಂಡು ನಿಂತಿದ್ದರು. ಅಳಿಯ ಒಳ್ಳೆಯವನು. ಮಾಮನ ಮೊಬೈಲಿನಲ್ಲಿದ್ದ ಹೋಟೆಲಿನ ಪರಿಚಯದವರಿಗೆಲ್ಲ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದ್ದ. ಅಮ್ಮನ ಗೆಳತಿ ಮೊಮ್ಮಗಳ ಕೈ ಹಿಡಿದುಕೊಂಡು ಪತ್ರೊಡೆ ತಂದಿದ್ದಳು. ಅಪ್ಪ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಯ ಧಣಿಯ ಮಗಳು ಗೋಳಿಬಜೆ ತಂದಿದ್ದಳು. "ಅಣ್ಣನಿಗೆ ಗೋಳಿಬಜೆ ಅಂದ್ರೆ ಜೀವ. ನಮ್ಮ ಅಪ್ಪನಿಗೂ ಹಾಗೆಯೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ, ಮೂಡೆ ತಂದವನು ತನ್ನ ದೊಡ್ಡಪ್ಪನ ಸುದ್ದಿ ಹೇಳಿದ. ಕಡ್ಲೆ ಅವಲಕ್ಕಿ ತಂದವಳು ತನ್ನ ಗಂಡನ ಸುದ್ದಿ ಹೇಳಿದಳು. ಕುವೈತಿನಿಂದ ಟೀಚರ್ ಬಾಯಿಯ ಮಗ ವಾಟ್ಸಪ್ ಮಾಡಿದ್ದನಂತೆ, ಎರಡು ಬನ್ಸ್ ಇಡಿ ಎಂದು. ನನ್ನ ಡಬ್ಬವನ್ನು ಸೆರಗಿನೊಳಗೆ ಎಳೆದುಕೊಂಡೆ. ಒಬ್ಬರೂ ಮೋಸ ಮಾಡಲು ಬಂದವರಲ್ಲ. ಆ ಮನುಷ್ಯನನ್ನು ನೆನೆಯಲು ಕೂತರೆ ಎಲ್ಲರಿಗೂ ನೆನಪಾಗುವುದು ಅವರು ತಂದಿಟ್ಟ ತಟ್ಟೆ. ಆ ತಟ್ಟೆಯಲ್ಲಿದ್ದದ್ದು ನಮ್ಮ ಮನೆಯವರ ತಿಂಡಿ.

ಒಳಗೆ ಎಲೆ ಹಾಕಿ ಎಲ್ಲವನ್ನೂ ಬಡಿಸಿದರು. ಮನೆಯವರು ಮಾಡಿದ ಕೋಳಿ, ಮೀನು, ಅದರ ಸುತ್ತ ನಾವು ತಂದ, ತರಿಸಿದ ಆರು ತಿಂಡಿ. ಎಲೆಯಲ್ಲಿ ಒಂದು ಬೆರಳು ಊರಲೂ ಜಾಗ ಉಳಿಯಲಿಲ್ಲ. ರಿಕ್ಷಾದಲ್ಲಿ ಬಂದಿಳಿದ ಭಟ್ಟರು ಬಾಗಿಲಿನ ದಾರಂದ ಹಿಡಿದು ಆ ಎಲೆಯನ್ನೇ ನೋಡಿದರು.

"ಇದರ ಎದುರು ಅವನು ಕೂರುದಿಲ್ಲ" ಎಂದರು, ಯಾರಿಗೂ ಅಲ್ಲ ಎಂಬಂತೆ. "ನಿಂತುಕೊಂಡು ನೋಡ್ತಾನೆ. ಇದು ಯಾರ ಟೇಬಲಿದ್ದು, ಇದು ಯಾರ ಟೇಬಲಿದ್ದು ಅಂತ."

ಅವರ ಮಾತು ನನ್ನೊಬ್ಬಳಿಗೇ ಕೇಳಿಸಿತೆಂದು ಕಾಣುತ್ತದೆ. ಅಳಿಯ ಕೈಮುಗಿದು, "ಮಾಮಾ, ಬನ್ನಿ, ಉಣ್ಣಿ. ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಕರೆದು ಬಾಗಿಲು ಎಳೆದ. ನಾವೆಲ್ಲ ಅಂಗಳಕ್ಕೆ ಬಂದೆವು. ನಾನು ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತೆ. ಒಳಗೆ ಅಣ್ಣ ಹೆಗಲ ಬಟ್ಟೆ ಸರಿಮಾಡಿಕೊಂಡು, ಹಸಿದುಕೊಂಡು, ನಮ್ಮ ಅಪ್ಪ ಬರುತ್ತಾರೆಂದು ಕಾಯುತ್ತಿದ್ದಾರೆ ಎಂದೇ ಅನ್ನಿಸಿತು. ಅಳಬಾರದೆಂದು ಎಷ್ಟು ಹಲ್ಲು ಕಚ್ಚಿದರೂ ಆಗಲಿಲ್ಲ.

ಅಳಿಯ, ಒಳಗಿನವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತೆಗೆದ. ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವು ಬಂದಿತ್ತು. "ಮಾಮನಿಗೆ ಇಷ್ಟೆಲ್ಲ ಇಷ್ಟ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ ಅಕ್ಕ. ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ ನೋಡಿ" ಎಂದ. ಅವನ ಹೆಂಡತಿ ಗೋಡೆಯ ಕ್ಯಾಲೆಂಡರನ್ನು ಬಿಚ್ಚಿ, ಹಿಂಬದಿಯಲ್ಲಿ ಒಂದೊಂದನ್ನೇ ದುಂಡಗಿನ ಅಕ್ಷರದಲ್ಲಿ ಬರೆದಳು. ಸಜ್ಜಿಗೆ ಬಜಿಲ್, ಬೆಲ್ಲ ಮುಂದೆ. ಪತ್ರೊಡೆ. ಗೋಳಿಬಜೆ. ಮೂಡೆ. ಕಡ್ಲೆ ಅವಲಕ್ಕಿ. ಬನ್ಸ್ ಎರಡು. ಬರೆದು ಮುಗಿಸಿ ನನ್ನ ಮುಂದೆ ಹಿಡಿದಳು.

"ಸರಿ ಉಂಟಾ ನೋಡಿ ಅಕ್ಕ. ಇನ್ನು ಪ್ರತಿ ಆಟಿಗೆ ಮಾಮನಿಗೆ ಇದನ್ನೇ ಬಡಿಸ್ತೇವೆ. ನಾವಿಲ್ಲದಿದ್ದರೂ ಮಕ್ಕಳು ಬಡಿಸ್ತಾರೆ."

ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದೆ. ಆರು ಮನೆಗಳ ಆರು ಜನ ಸತ್ತವರು ಅಲ್ಲಿದ್ದರು. ಅಣ್ಣ ಇರಲಿಲ್ಲ.

"ಸರಿ ಉಂಟು" ಎಂದೆ.